ಪುಣೆಯ ಸವಾಯಿ ಮಹೋತ್ಸವಕ್ಕೆ ಅಪ್ಪನ ಜೊತೆ: ಎರಡು ದಿನ ಸಾಕಾ, ಐದೂ ದಿನ ಕೂರಬೇಕಾ?

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ಈ ಡಿಸೆಂಬರಿನಲ್ಲಿ ಅಪ್ಪನನ್ನು ಪುಣೆಯಲ್ಲಿ ಐದು ದಿನ ನಡೆಯುವ ಹಿಂದೂಸ್ತಾನಿ ಸಂಗೀತದ ಸವಾಯಿ ಗಂಧರ್ವ ಭೀಮಸೇನ ಮಹೋತ್ಸವಕ್ಕೆ ಕರೆದುಕೊಂಡು ಹೋಗಬೇಕು ಅಂತ ಗಟ್ಟಿ ಮನಸ್ಸು ಮಾಡಿದ್ದೇನೆ. ಅಪ್ಪನಿಗೆ ಈಗ 69. ಧಾರವಾಡ ಆಕಾಶವಾಣಿ ಕೇಳುತ್ತಾ ಬೆಳೆದವರು. ಭೀಮಸೇನ ಜೋಶಿಯವರ ಹಾಡು ಬಂದರೆ ನಾವು ಮಕ್ಕಳೆಲ್ಲ ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು. ಈ ಉತ್ಸವಕ್ಕೆ ಒಮ್ಮೆಯಾದರೂ ಹೋಗಬೇಕು ಅಂತ ಎಷ್ಟೋ ವರ್ಷದಿಂದ ಹೇಳುತ್ತಿದ್ದರು. ಅಡಿಕೆ ಕೊಯ್ಲಿನ ಕಾಲಕ್ಕೇ ಬರುತ್ತಿತ್ತು, ಆಗಲೇ ಇಲ್ಲ.

ನನ್ನ ತೊಡಕುಗಳು ಇವು. ಐದು ದಿನ ರಜೆ ಸಿಗುವುದು ಕಷ್ಟ, ಶನಿವಾರ ಭಾನುವಾರ ಎರಡೇ ದಿನ ಹೋದರೆ ನಡೆಯುತ್ತದೆಯೇ? ಅಪ್ಪನಿಗೆ ಮೊಣಕಾಲು ನೋವು, ಕುರ್ಚಿ ತೆಗೆದುಕೊಳ್ಳಲೋ ನೆಲದ ಬೈಠಕ್ಕೋ? ಶಿವಮೊಗ್ಗದಿಂದ ಹೇಗೆ ಹೋಗುವುದು ಸುಲಭ? ಇನ್ನೊಂದು, ನನಗೆ ರಾಗ ಗುರುತಿಸಲು ಬರುವುದಿಲ್ಲ. ಅಂಥವಳು ಆ ಜನರ ನಡುವೆ ಕೂತು ಏನು ಮಾಡಲಿ ಅನ್ನುವ ಅಳುಕೂ ಇದೆ.

ಧಾರವಾಡದ ಕೇಳುಗ

ತಂಗಿ, ಐದೂ ದಿನ ಹೋಗ್ರಿ. ಉಳಿದದ್ದು ಆಮ್ಯಾಲ ಮಾತಾಡೋಣು.

ನಾ ಮೊದಲ ಸಲ ಹೋದಾಗ ಕಾರ್ಯಕ್ರಮ ಶನಿವಾರ ಪೇಟೆಯ ರಮಣಬಾಗ್ ಸಾಲಿ ಮೈದಾನದಾಗ ಇತ್ತು. ರಾತ್ರಿಯೆಲ್ಲಾ ನಡೀತಿತ್ತು, ಬೆಳಕು ಹರಿಯೂತನ. ಜಾಗಾ ಸಿಗದವರು ಹೊರಗ ರಸ್ತಾದ ಮ್ಯಾಲ ಜಮಖಾನಿ ಹಾಸಿ ಕೂತು ಕೇಳತಿದ್ರು. ನನಗೂ ಅವತ್ತ ತಿಕೀಟ ಸಿಗಲಿಲ್ಲ, ಹೊರಗs ಕೂತೆ. ಹೆಗಲಿಗೆ ಹೆಗಲು ಹತ್ತಿಸಿ ಕೂತಿದ್ದ ಒಬ್ಬ ಅಜ್ಜಾರು ಅರ್ಧಾ ಶಾಲು ನನಗ ಹೊಚ್ಚಿದ್ರು. ಅವರ ಹೆಸರು ಸೈತ ನಾ ಕೇಳಲಿಲ್ಲ. ಅಷ್ಟು ಥಂಡಿಯೊಳಗ ತೋಡಿ ರಾಗ ಶುರುವಾದಾಗ ಪೂರ್ವದ ಕಡೆ ಬೆಳ್ಳಗಾಗಲಿಕ್ಕೆ ಹತ್ತಿತ್ತು. ಅವತ್ತಿನಿಂದ ಒಂದ ಡಿಸೆಂಬರ್ ತಪ್ಪಿಸಿದ್ರೂ ಮನಸ್ಸಿಗೆ ಸಮಾಧಾನ ಇರೂದಿಲ್ಲ ನನಗ.

ಪುಣೆಯೊಳಗ ನಡೀತದ, ಆದ್ರ ಇದರ ಬೇರು ನಮ್ಮ ಕುಂದಗೋಳದಾಗ ಅದ. ರಾಮಚಂದ್ರ ಕುಂದಗೋಳಕರ ಮರಾಠಿ ನಾಟಕದೊಳಗ ಹಾಡಿ ಹಾಡಿ ಸವಾಯಿ ಗಂಧರ್ವ ಆದ್ರು. ಸವಾಯಿ ಅಂದ್ರ ಒಂದೂ ಕಾಲು. ಮರಾಠಿ ರಂಗಭೂಮಿಯ ದೊಡ್ಡ ಗಾಯಕ ನಟ ಬಾಲಗಂಧರ್ವರ ಕಾಲದಾಗ ಅವರಕಿಂತ ಕಾಲು ಪಟ್ಟು ಹೆಚ್ಚು ಅಂತ ಜನ ಕೊಟ್ಟ ಬಿರುದು ಅದು. ಅವರು ತೀರಿಕೊಂಡದ್ದು 1952ರೊಳಗ, ಮರುವರ್ಷ 1953ರಾಗ ಶಿಷ್ಯರು ಗುರುವಿನ ಪುಣ್ಯತಿಥಿ ಅಂತ ಈ ಉತ್ಸವ ಶುರು ಮಾಡಿದ್ರು. ಅದನ್ನ ಹೆಗಲ ಮ್ಯಾಲ ಹೊತ್ತವರು ನಮ್ಮ ಗದಗಿನ ಭೀಮಸೇನ ಜೋಶಿ. ಆಗ ಅವರಿಗೆ 31 ವರ್ಷ. ಹಾಡೂದೂ ಅವರs, ಕಲಾವಿದರನ್ನ ಕರೆಯೂದೂ ಅವರs. 2011ರಾಗ ಅವರು ಹೋದ ಮ್ಯಾಲ ಉತ್ಸವದ ಹೆಸರಿಗೆ ಅವರ ಹೆಸರೂ ಕೂಡಿತು.

ಜಯನಗರ ಪಯಣಿಗ

ನನ್ನ ಅಭಿಪ್ರಾಯ ಬೇರೆ. ವಯಸ್ಸಾದವರನ್ನ ಐದು ದಿನ ಮೈದಾನದಲ್ಲಿ ಕೂರಿಸೋದು ಕಷ್ಟ. ಕಲಾವಿದರ ಪಟ್ಟಿ ಬಂದ ಮೇಲೆ ಅಪ್ಪನಿಗೆ ಇಷ್ಟವಾದವರು ಯಾವತ್ತು ಹಾಡ್ತಾರೆ ನೋಡಿ, ಆ ದಿನದ ಟಿಕೆಟ್ ಮಾತ್ರ ತಗೊಳ್ಳಿ. ದಿನದ ಟಿಕೆಟ್ ಬೇರೆ, ಐದೂ ದಿನದ್ದು ಬೇರೆ ಸಿಗುತ್ತೆ. ನಾವು ಬೆಂಗಳೂರಿನವರು ಚಾಮರಾಜಪೇಟೆ ಕೋಟೆ ಹೈಸ್ಕೂಲು ಮೈದಾನದ ರಾಮನವಮಿ ಸಂಗೀತಕ್ಕೆ ಹೋಗೋದೂ ಹೀಗೇ. 1939ರಿಂದ ನಡೀತಿರೋ ಉತ್ಸವ, ಒಂದು ತಿಂಗಳು ಪೂರ್ತಿ ಯಾರೂ ಕೂರಲ್ಲ. ಬೇಕಾದವರನ್ನ ಆರಿಸಿಕೊಂಡು ಚಪ್ಪರದಲ್ಲಿ ಕೂತು ಕೇಳಿ ಮನೆಗೆ ಹೋಗ್ತೀವಿ. ಅದರಲ್ಲೂ ಸುಖ ಇದೆ.

ಧಾರವಾಡದ ಕೇಳುಗ

ಅಣ್ಣಾ, ನೀವು ಮನಿಗೆ ಹೋಗ್ತೀರಿ, ಮರುದಿನ ಬೇಕಂದ್ರ ಮತ್ತ ಬರ್ತೀರಿ. ಇವರು ಅಷ್ಟು ದೂರದಿಂದ ಹೋಗೋರು. ಶನಿವಾರ ಹೋಗಿ ಇಳಿದ್ರ ಕಿವಿಯೊಳಗ ಇನ್ನೂ ಬಸ್ಸಿನ ಗದ್ದಲ ಇರ್ತದ. ನನ್ನ ಅನುಭವ ಹೇಳತೇನಿ: ಮೊದಲನೇ ದಿನ ನಾನೂ ಚಹಾದ ಅಂಗಡಿ, ಪರಿಚಯದವರು, ಅದು ಇದು ಅಂತ ಓಡಾಡತೇನಿ. ಎರಡನೇ ದಿನ ಕೂಡತೇನಿ. ಮೂರನೇ ದಿನದ ಹೊತ್ತಿಗೆ ತಂಬೂರಿ ಮೀಟಿದ ಕೂಡಲೇ ಮೈಯೆಲ್ಲಾ ಕಿವಿ ಆಗ್ತದ. ಅಲ್ಲಿತನಕ ಬೇಕs ಬೇಕು ಅಷ್ಟು ಹೊತ್ತು.

ಮತ್ತ ಮೊದಲೆರಡು ದಿನ ಇಳಿಹೊತ್ತಿನಾಗ ಹಾಡೋರು ಹೊಸಬರು. ಹೆಸರು ನೋಡಿ ತಿಕೀಟ ತಗೊಂಡ್ರ ಅವರನ್ನ ಕೇಳೂದs ಇಲ್ಲ. ಈಗ ಪಟ್ಟಿಯೊಳಗ ದೊಡ್ಡ ಅಕ್ಷರದಾಗ ಬರೋರೂ ಒಂದು ಕಾಲದಾಗ ಮೂರು ಗಂಟೆ ಬಿಸಿಲಾಗ, ಅರ್ಧ ಖಾಲಿ ಮಂಟಪದ ಮುಂದ ಕೂತು ಹಾಡಿದವರs.

ಪುಣೇಕನ್ನಡತಿ

ನಾನು ಪುಣೆಯಲ್ಲಿ 16 ವರ್ಷದಿಂದ ಇದ್ದೇನೆ, ಹುಟ್ಟೂರು ಬೆಳಗಾವಿ. ಇಲ್ಲಿ ಯಾರೂ ಪೂರ್ತಿ ಹೆಸರು ಹೇಳುವುದಿಲ್ಲ, “ಸವಾಯಿ” ಅಷ್ಟೇ. “ಈ ಸಲ ಸವಾಯಿಗೆ ಬರ್ತೀಯಾ?” ಎಂದು ದೀಪಾವಳಿ ಮುಗಿಯುತ್ತಿದ್ದಂತೆ ಕೇಳಲು ಶುರು ಮಾಡುತ್ತಾರೆ. ನನಗೆ ಗೊತ್ತಿರುವುದನ್ನು ಒಟ್ಟಿಗೆ ಹೇಳುತ್ತೇನೆ.

ಉತ್ಸವ ಈಗ ರಮಣಬಾಗ್‌ನಲ್ಲಿಲ್ಲ. ಮುಕುಂದನಗರದಲ್ಲಿ ಮಹಾರಾಷ್ಟ್ರೀಯ ಮಂಡಳದ ಮೈದಾನದಲ್ಲಿ ನಡೆಯುತ್ತದೆ. ಸ್ವಾರ್‌ಗೇಟ್‌ಗೆ ಹತ್ತಿರ. ನಮ್ಮ ಕಡೆಯ ರಾತ್ರಿ ಬಸ್ಸಿನಲ್ಲಿ ಬಂದರೆ ಸ್ವಾರ್‌ಗೇಟ್‌ನಲ್ಲೇ ಇಳಿಯಬಹುದು. ರೈಲಿನಲ್ಲಿ ಬಂದರೆ ಪುಣೆ ನಿಲ್ದಾಣದ ಎದುರೇ ಮೆಟ್ರೊ ಹತ್ತಿ, ನ್ಯಾಯಾಲಯದ ನಿಲ್ದಾಣದಲ್ಲಿ ಬದಲಾಯಿಸಿ ಸ್ವಾರ್‌ಗೇಟ್‌ಗೆ ಬನ್ನಿ. 2024ರ ಸೆಪ್ಟೆಂಬರಿನಲ್ಲಿ ಆ ನೆಲದಡಿಯ ಮಾರ್ಗ ಶುರುವಾದ ಮೇಲೆ ಸಂಜೆಯ ವಾಹನ ದಟ್ಟಣೆಯ ಚಿಂತೆ ಹೋಯಿತು. ಹುಬ್ಬಳ್ಳಿಯಿಂದ ವಾರಕ್ಕೆ ಮೂರು ದಿನ ವಂದೇ ಭಾರತ್ ಇದೆ, ಬೆಳಗಿನ ಜಾವ ಹೊರಟರೆ ಮಧ್ಯಾಹ್ನ ಪುಣೆ. ಶಿವಮೊಗ್ಗದಿಂದ ಹುಬ್ಬಳ್ಳಿಗೆ ಹಿಂದಿನ ದಿನವೇ ಬಂದು ಉಳಿಯಿರಿ. ಮೊಣಕಾಲು ನೋವಿದ್ದವರಿಗೆ ರಾತ್ರಿ ಬಸ್ಸಿಗಿಂತ ಇದು ಸಾವಿರ ಪಾಲು ಮೇಲು.

ಬಟ್ಟೆ: ಮಧ್ಯಾಹ್ನ ಬಿಸಿಲು, ಸೂರ್ಯ ಮುಳುಗಿದ ಒಂದು ಗಂಟೆಗೆ ನಡುಗಿಸುವ ಚಳಿ. ಮಂಟಪ ದೊಡ್ಡದು, ಆದರೆ ಬದಿಗಳಿಂದ ಗಾಳಿ ನುಗ್ಗುತ್ತದೆ. ಅಪ್ಪನಿಗೆ ಕಿವಿ ಮುಚ್ಚುವ ಟೋಪಿ, ಕಾಲುಚೀಲ ಮರೆಯಬೇಡಿ. ಕೂರಲು ಜಮಖಾನೆ, ಬೆನ್ನಿಗೆ ಒಂದು ದಿಂಬು ಇರಲಿ. ಹೊಟ್ಟೆಗೆ ಏನೂ ಕೊರತೆಯಿಲ್ಲ: ಪಿಠಲಾ ಭಾಕರಿ, ಸಾಬುದಾಣೆ ಖಿಚಡಿ, ವಡಾ, ಚಹಾ ಎಲ್ಲಾ ಮೈದಾನದಲ್ಲೇ ಸಿಗುತ್ತದೆ. ಒಂದು ಗಾಯನ ಮುಗಿದು ಇನ್ನೊಂದಕ್ಕೆ ವಾದ್ಯ ಶ್ರುತಿ ಮಾಡುವಷ್ಟರಲ್ಲಿ ಹೋಗಿ ಬಂದುಬಿಡಬೇಕು. ವಿಲಂಬಿತ, ಅಂದರೆ ನಿಧಾನಗತಿಯ ಗಾಯನ, ನಡೆಯುತ್ತಿರುವಾಗ ಎದ್ದರೆ ಸುತ್ತಲಿನ ಅಜ್ಜಿಯರು ನೋಡುವ ನೋಟ ನಾನಂತೂ ಇವತ್ತಿಗೂ ಮರೆತಿಲ್ಲ.

ಕುರ್ಚಿಯ ವಿಷಯ. ಅಪ್ಪನಿಗೆ ಕುರ್ಚಿಯನ್ನೇ ತೆಗೆದುಕೊಳ್ಳಿ. ಹಿಂದೆ ಕೂತರೂ ದೊಡ್ಡ ಪರದೆಯಲ್ಲಿ ಕಲಾವಿದರ ಮುಖ, ಬೆರಳು ಸ್ಪಷ್ಟವಾಗಿ ಕಾಣುತ್ತದೆ. ಐದು ದಿನದ ಟಿಕೆಟ್ ಬಹಳ ಬೇಗ ಖಾಲಿಯಾಗುತ್ತದೆ, ಪ್ರಕಟಣೆ ಬಂದ ದಿನವೇ ಕೊಳ್ಳಿ.

ಧಾರವಾಡದ ಕೇಳುಗ

ಅಕ್ಕಾರು ಹೇಳಿದ್ದೆಲ್ಲಾ ಖರೇ. ನೆಲಕ್ಕ ಕೂಡೂದಾದ್ರ ಮಂಟಪದ ಕಂಬದ ಹತ್ತಿರ ಜಾಗಾ ಹಿಡೀರಿ, ಬೆನ್ನಿಗೆ ಆಸರ ಆಗ್ತದ.

ತಂಬೂರಿ ಬೀದಿ

ದಾರಿಯಲ್ಲಿ ಮೀರಜ್ ಬರುತ್ತದಲ್ಲ, ಒಂದು ದಿನ ಹೆಚ್ಚು ಸಿಕ್ಕರೆ ಅಲ್ಲಿ ಇಳಿಯಿರಿ ಎಂದು ಹೇಳುವುದು ನನ್ನ ಆಸೆ. ಸಿತಾರ್, ತಂಬೂರಿ ಮಾಡುವ ಮನೆಗಳ ಬೀದಿಯೇ ಇದೆ. ಪಂಢರಪುರದ ಸುತ್ತಲಿನ ಹೊಲಗಳಲ್ಲಿ ಬೆಳೆದ ದೊಡ್ಡ ಸೋರೆಬುರುಡೆಗಳನ್ನು ತಂದು ಒಣಗಿಸಿ ಸಾಲಾಗಿ ಇಟ್ಟಿರುತ್ತಾರೆ. ಬುರುಡೆ ಕೊರೆದು, ಮರದ ಕೊರಳು ಕೂಡಿಸಿ, ಕೊನೆಗೆ ಕುದುರೆಯ (ತಂತಿಗಳನ್ನು ಹೊರುವ ಪಟ್ಟಿಯ) ಮೇಲೆ ತಂತಿಯ ಕೆಳಗೆ ನೂಲಿನ ಎಳೆ ಇಟ್ಟು ಜೀವಾಳಿ ಹಚ್ಚುವುದನ್ನು ನೋಡಬೇಕು. ಆ ನೂಲು ಕೂದಲೆಳೆಯಷ್ಟು ಸರಿದರೆ ಸಾಕು, ಮಂಕಾಗಿದ್ದ ತಂತಿ ಝೇಂಕರಿಸುತ್ತದೆ. 2024ರಲ್ಲಿ ಮೀರಜಿನ ಸಿತಾರ್ ಮತ್ತು ತಂಬೂರಿಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು.

ಅಲ್ಲಿನ ಮೀರಾಸಾಹೇಬ ದರ್ಗಾದ ಆವರಣದಲ್ಲೇ ಅಬ್ದುಲ್ ಕರೀಂ ಖಾನರ ಸಮಾಧಿ ಇದೆ. ಸವಾಯಿ ಗಂಧರ್ವರ ಗುರು, ಕಿರಾಣಾ ಘರಾಣೆ ಎಂಬ ಗಾಯನ ಪರಂಪರೆಯ ದೊಡ್ಡ ಹೆಸರು. ಮೈಸೂರು ಅರಮನೆಗೆ ಹೋಗಿ ಬರುವಾಗ ಧಾರವಾಡದಲ್ಲಿ ತಂಗುತ್ತಿದ್ದರು. ಮೈಸೂರಿನಲ್ಲಿ ಕೇಳಿದ ಕರ್ನಾಟಕ ಸಂಗೀತದ ಸ್ವರಪ್ರಸ್ತಾರ ಅವರ ಸರಿಗಮದಲ್ಲಿ ಬೆರೆಯಿತು. 1937ರಲ್ಲಿ ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವಾಗ ಸಿಂಗಪೆರುಮಾಳ್ ಕೋಯಿಲ್ ಎಂಬ ಚಿಕ್ಕ ರೈಲು ನಿಲ್ದಾಣದಲ್ಲಿ ಕೊನೆಯುಸಿರೆಳೆದರು. ಪುಣೆ, ಮೀರಜ್, ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಮೈಸೂರು: ಹಿಂದೂಸ್ತಾನಿ ಸಂಗೀತ ನಮ್ಮ ಕಡೆ ಇಳಿದು ಬಂದದ್ದು ಈ ರೈಲು ದಾರಿಯಲ್ಲೇ. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಕಲಿತು ಬರುತ್ತಿದ್ದರು. ಬಾಲಕ ಭೀಮಸೇನ ಗುರುವನ್ನು ಹುಡುಕಿ ಮನೆ ಬಿಟ್ಟು ಓಡಿದ್ದೂ ಟಿಕೆಟ್ಟಿಲ್ಲದೆ ರೈಲಿನಲ್ಲೇ. ಗ್ವಾಲಿಯರ್ ವರೆಗೆ ಅಲೆದ ಹುಡುಗನಿಗೆ ಕೊನೆಗೆ ಗುರು ಸಿಕ್ಕಿದ್ದು ತನ್ನೂರಿನ ಹತ್ತಿರದ ಕುಂದಗೋಳದಲ್ಲಿ, 1936ರಲ್ಲಿ. ಕಿಟಕಿ ಪಕ್ಕ ಕೂತು ಈ ದಾರಿ ನೋಡುತ್ತಾ ಹೋಗಿ.

ವಾಡಾದ ಮಗ್ಗಲ ಮನಿ (ಕುಂದಗೋಳ)

ಎಲ್ಲಾರೂ ಪುಣೆ ಪುಣೆ ಅಂತೀರಿ, ಕುಂದಗೋಳಕ್ಕ ಯಾರೂ ಬರಂಗಿಲ್ಲ. ನಾಡಿಗೇರ ಮನೆತನದ ದೊಡ್ಡ ಮನಿ, ನಾಡಿಗೇರ ವಾಡಾ, ಇನ್ನೂ ಐತಿ. ಅಬ್ದುಲ್ ಕರೀಂ ಖಾನಸಾಹೇಬ್ರು ಹಾಡಿದ ಜಾಗಾ, ಸವಾಯಿ ಗಂಧರ್ವರು ಹಾಡಿದ ಜಾಗಾ. ವರ್ಷಾ ಅಲ್ಲೆ ಅಹೋರಾತ್ರಿ ಸಂಗೀತ ನಡೀತೈತಿ. ತಿಕೀಟಿಲ್ಲ, ದೊಡ್ಡ ಪರದೆ ಇಲ್ಲ, ಕಂಬದ ನಡುವ ಜಮಖಾನಿ ಹಾಸಿರ್ತಾರ. ಹತ್ತ ಗಂಟೆಗೆ ನಿಲ್ಲಸೂ ಪ್ರಶ್ನೇನೂ ಇಲ್ಲ. ಪುಣೆಯೊಳಗ ಈಗ ರಾತ್ರಿ ಮಾಲಕಂಸ ರಾಗ ಕೇಳಬೇಕಂದ್ರ ಶನಿವಾರದ ಹಾದಿ ಕಾಯಬೇಕು.

ಪುಣೇಕನ್ನಡತಿ

ನೀವು ಹೇಳುವುದರಲ್ಲಿ ನೋವಿದೆ, ನನಗೂ ಅದೇ ನೋವು. 2000ದ ಶಬ್ದಮಾಲಿನ್ಯ ನಿಯಮ ಬಂದ ಮೇಲೆ ರಾತ್ರಿ ಹತ್ತರ ನಂತರ ಬಯಲಿನಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ವರ್ಷದಲ್ಲಿ ಕೆಲವೇ ದಿನ ಹನ್ನೆರಡರ ತನಕ ಸರ್ಕಾರ ಸಡಿಲಿಕೆ ಕೊಡಬಹುದು. ಸವಾಯಿಗೆ ಅದು ಸಿಗುವುದು ಸಾಮಾನ್ಯವಾಗಿ ಶನಿವಾರ. ಪಕ್ಕದಲ್ಲಿ ಮನೆಗಳಿವೆ, ಆಸ್ಪತ್ರೆಗಳಿವೆ, ನಿಯಮ ತಪ್ಪು ಎಂದು ನಾನು ಹೇಳಲಾರೆ. ಆದರೆ ದರಬಾರಿ, ಅಡಾಣಾ, ಲಲಿತ್, ಭಟಿಯಾರ್ ಇಂಥ ರಾತ್ರಿಯ, ಬೆಳಗಿನ ಜಾವದ ರಾಗಗಳೆಲ್ಲ ತಮ್ಮ ಹೊತ್ತಿನಲ್ಲಿ ಸಾವಿರಾರು ಜನರ ಎದುರು ಕೇಳಿಸುತ್ತಿದ್ದವಲ್ಲ, ಅದು ಹೋಯಿತು. ಈಗ ಮಧ್ಯಾಹ್ನ ಮೂರಕ್ಕೆ ಶುರುವಾಗುವುದರಿಂದ ಭೀಮಪಲಾಸಿ, ಮುಲ್ತಾನಿ, ಮಾರವಾ, ಪೂರಿಯಾ ಧನಾಶ್ರೀ ಧಾರಾಳವಾಗಿ ಸಿಗುತ್ತವೆ. ಬಿಸಿಲು ಇಳಿಯುತ್ತಿರುವಾಗ ಬಯಲಿನಲ್ಲಿ ಮಾರವಾ ಕೇಳುವುದು ಕಡಿಮೆ ಭಾಗ್ಯವಲ್ಲ.

ಜಯನಗರ ಪಯಣಿಗ

ಒಂದು ಪ್ರಶ್ನೆ, ಬೇಜಾರು ಮಾಡ್ಕೋಬೇಡಿ. ಇಷ್ಟೆಲ್ಲಾ ಕಷ್ಟಪಟ್ಟು ಹೋಗೋದು ಯಾಕೆ? ಮನೆಯಲ್ಲಿ ಒಳ್ಳೆ ಸ್ಪೀಕರ್ ಹಾಕಿ ಯೂಟ್ಯೂಬ್‌ನಲ್ಲಿ ಹಳೇ ಕಛೇರಿಗಳನ್ನ ಕೇಳಬಹುದು. ಭೀಮಸೇನರೇ ಸಿಗ್ತಾರೆ ಅಲ್ಲಿ.

ಸ್ವರಸಾಧಕಿ (ಹುಬ್ಬಳ್ಳಿ)

ನಾನು ಮಕ್ಕಳಿಗೆ ಗಾಯನ ಕಲಿಸುತ್ತೇನೆ, ಹಾಗಾಗಿ ನಿಮ್ಮ ಪ್ರಶ್ನೆಗೂ ತುಂಗಾತೀರ ಅವರ ಅಳುಕಿಗೂ ಸೇರಿಸಿ ಹೇಳುತ್ತೇನೆ.

ರಾಗದ ಹೆಸರು ಗೊತ್ತಿಲ್ಲ ಎಂದು ಹೆದರಬೇಡಿ. ಕಿರಾಣಾ ಶೈಲಿಯ ಗಾಯನದಲ್ಲಿ ಗಾಯಕರು ಷಡ್ಜ (ಸ) ಹಚ್ಚಿ ಬಹಳ ಹೊತ್ತು ಅಲ್ಲಲ್ಲೇ ಇರುತ್ತಾರೆ. ಒಂದೊಂದೇ ಸ್ವರವನ್ನು ತೆರೆಯುತ್ತಾ ಮೇಲಿನ ಷಡ್ಜಕ್ಕೆ ಹೋಗಲು ಇಪ್ಪತ್ತು ನಿಮಿಷ, ಕೆಲವೊಮ್ಮೆ ಅರ್ಧ ಗಂಟೆ ಹಿಡಿಯುತ್ತದೆ. ನೀವು ಮಾಡಬೇಕಾದದ್ದು ಇಷ್ಟೇ: ಈಗ ಯಾವ ಸ್ವರ ಹೊಸದಾಗಿ ಬಂತು ಎಂದು ಕಾಯುತ್ತಾ ಕೂರುವುದು. ಇನ್ನೊಂದು, ತಬಲಾದ ಆವರ್ತನ ತಿರುಗಿ ಸಮ್‌ಗೆ, ಅಂದರೆ ತಾಳದ ಮೊದಲ ಪೆಟ್ಟಿಗೆ, ಬರುವಾಗ ಪಕ್ಕದವರ ತಲೆಯನ್ನು ನೋಡಿ. ಸಾವಿರಾರು ತಲೆಗಳು ಒಟ್ಟಿಗೆ ಬಾಗುತ್ತವೆ. ಎರಡು ದಿನ ನೋಡಿದರೆ ಮೂರನೇ ದಿನ ನಿಮ್ಮ ತಲೆ ತಾನಾಗಿ ಬಾಗುತ್ತದೆ.

ಪಯಣಿಗರೇ, ಮನೆಯ ಸ್ಪೀಕರಿನಲ್ಲಿ ಇದೊಂದು ಸಿಗುವುದಿಲ್ಲ. ಕಲಾವಿದರು ಮೇಲಿನ ಷಡ್ಜವನ್ನು ಮುಟ್ಟದೆ, ಅದರ ಕೆಳಗಿನ ನಿಷಾದದ (ನಿ) ಹತ್ತಿರವೇ ಸುಳಿಯುತ್ತಾ ನಿಂತಾಗ ಮೈದಾನಕ್ಕೆ ಮೈದಾನವೇ ಉಸಿರು ಹಿಡಿದಿರುತ್ತದೆ. ಆ ನಿಶ್ಶಬ್ದ ಕಲಾವಿದರಿಗೂ ಕೇಳಿಸುತ್ತದೆ. ಅದನ್ನು ಕೇಳಿಯೇ ಅವರು ಇನ್ನೊಂದು ಆವರ್ತನ ತಡೆಯುತ್ತಾರೆ. ನನ್ನ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗುವುದು ಇದಕ್ಕಾಗಿ.

ನಮ್ಮ ವೆಂಕಟೇಶ ಕುಮಾರ ಅವರನ್ನು ಅಲ್ಲಿನ ಜನ ಕೇಳುವ ರೀತಿಯನ್ನೂ ನೀವು ನೋಡಬೇಕಿತ್ತು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪುಟ್ಟರಾಜ ಗವಾಯಿಗಳ ಬಳಿ ಕಲಿತು ಬಂದ ಆ ಧ್ವನಿಗೆ ಪುಣೆಯ ಶ್ರೋತೃಗಳು ತಮ್ಮವರಿಗೆ ಕೊಡುವಷ್ಟೇ ಪ್ರೀತಿ ಕೊಡುತ್ತಾರೆ. ಅಲ್ಲಿ ಕೂತಾಗ ಕಣ್ಣು ತುಂಬಿ ಬರುತ್ತದೆ.

ತುಂಗಾತೀರ (ಶಿವಮೊಗ್ಗ)

ಎಲ್ಲವನ್ನೂ ಅಪ್ಪನಿಗೆ ಓದಿ ಹೇಳಿದೆ. ರಮಣಬಾಗಿನ ಹೊರಗೆ ಶಾಲು ಹೊದಿಸಿದ ಅಜ್ಜನ ಮಾತು ಬಂದಾಗ “ಇನ್ನೊಂದು ಸಲ ಓದು” ಅಂದರು. ಐದು ದಿನ ರಜೆ ಕೇಳಿದ್ದೇನೆ. ಟಿಕೆಟ್ ಕುರ್ಚಿಯದೇ ಮಾಡಿಸಿದೆ. ಹೋಗಿ ಬಂದು ಬರೆಯುತ್ತೇನೆ.

ತುಂಗಾತೀರ (ಶಿವಮೊಗ್ಗ), ಡಿಸೆಂಬರ್ ಕೊನೆಯ ವಾರ

ಹೋಗಿ ಬಂದೆವು. ಬರೆಯಲು ತಡವಾಯಿತು, ಕ್ಷಮಿಸಿ.

ಮೊದಲು ಒಂದು ಎಚ್ಚರಿಕೆ, ಮುಂದೆ ಹೋಗುವವರಿಗಾಗಿ. ನಾನು ಫೋನಿನಲ್ಲೇ ಕಾದಿರಿಸಿದ ವಸತಿಗೃಹದಲ್ಲಿ ನಮಗೆ ಸಿಕ್ಕಿದ್ದು ಮೂರನೇ ಮಹಡಿ, ಲಿಫ್ಟ್ ಇರಲಿಲ್ಲ. ಅಪ್ಪ ಒಂದೊಂದೇ ಮೆಟ್ಟಿಲು ಹತ್ತುವುದನ್ನು ನೋಡಿ ನನಗೆ ಅಳು ಬಂತು. ಮರುದಿನ ಬೇರೆ ಕಡೆ ನೆಲಮಹಡಿಯಲ್ಲಿ ಕೋಣೆ ಹಿಡಿದೆ. ವಯಸ್ಸಾದವರ ಜೊತೆ ಹೋಗುವವರು ಮಹಡಿ ಯಾವುದು, ಲಿಫ್ಟ್ ಇದೆಯಾ ಎಂದು ಬಾಯಿಬಿಟ್ಟು ಕೇಳಿಯೇ ದುಡ್ಡು ಕಟ್ಟಿ.

ಮೊದಲ ದಿನ ಶಹನಾಯಿಯಿಂದ ಶುರುವಾಯಿತು. ಧಾರವಾಡದ ಕೇಳುಗ ಅವರೇ, ನೀವು ಹೇಳಿದ ಹಾಗೆ ನನಗೆ ಅವತ್ತು ಗದ್ದಲವೇ ಹೆಚ್ಚು ಕೇಳಿಸಿತು. ಎರಡನೇ ದಿನ ಮಧ್ಯಾಹ್ನ ನನಗಿಂತ ಚಿಕ್ಕ ವಯಸ್ಸಿನ ಹುಡುಗಿಯೊಬ್ಬಳು ಹಾಡಿದಳು. ಮುಲ್ತಾನಿ ಅಂತ ಅಪ್ಪ ಹೇಳಿದರು. ಅರ್ಧ ಮಂಟಪ ಖಾಲಿ. ಅವಳು ಒಂದು ಸ್ವರದ ಮೇಲೆ ನಿಂತಾಗ ಆಚೆ ಚಹಾ ಕುಡಿಯುತ್ತಿದ್ದವರು ಲೋಟ ಹಿಡಿದುಕೊಂಡೇ ಒಳಗೆ ಬಂದು ನಿಂತರು. ಶನಿವಾರ ಮಾತ್ರ ಬಂದಿದ್ದರೆ ಅವಳನ್ನು ಕೇಳುತ್ತಿರಲಿಲ್ಲ.

ಮೂರನೇ ದಿನ ಅಪ್ಪ ಕುರ್ಚಿ ಬೇಡ ಅಂದರು. “ಎಲ್ಲರೂ ನೆಲಕ್ಕೆ ಕೂತಿದ್ದಾರೆ, ನಾನೂ ಕೂರಬೇಕು” ಅಂತ ಹಠ. ಸ್ವಯಂಸೇವಕರನ್ನು ಕೇಳಿದೆ, ಅಪ್ಪನ ಮುಖ ನೋಡಿ ಬಿಟ್ಟರು. ಕಂಬಕ್ಕೆ ದಿಂಬು ಕೊಟ್ಟು ಕೂರಿಸಿದೆ, ಕಾಲು ಚಾಚಲು ಮುಂದಿನವರು ಜರುಗಿ ಜಾಗ ಮಾಡಿದರು. ಪಕ್ಕದಲ್ಲಿ ಸೊಲ್ಲಾಪುರದ ದಂಪತಿ. ಅವರು ಮನೆಯಲ್ಲಿ ಮಾತಾಡುವುದು ಕನ್ನಡ! ಅಪ್ಪನ ತೀರ್ಥಹಳ್ಳಿ ಕಡೆಯ ಮಾತು ಅವರಿಗೆ, ಅವರ ಮಾತು ಅಪ್ಪನಿಗೆ ಅರ್ಧಂಬರ್ಧ. ಆದರೂ ಗಾಯನದ ನಡುವಿನ ಹೊತ್ತಿನಲ್ಲಿ ಭೀಮಸೇನರ ದಾಸವಾಣಿಯ ಬಗ್ಗೆ ಇಬ್ಬರೂ ಗಂಟೆಗಟ್ಟಲೆ ಮಾತಾಡಿದರು. ಆ ಕಾಕು ಶೇಂಗಾ ಚಟ್ನಿ, ಭಾಕರಿ ಗಂಟು ಬಿಚ್ಚಿ ನಮಗೂ ಹಾಕಿದರು. ನಾಲ್ಕನೇ ದಿನ ನಾವು ಬರುವ ಮೊದಲೇ ಕಂಬದ ಹತ್ತಿರ ನಮ್ಮ ಜಾಗಕ್ಕೆ ಅವರ ಜಮಖಾನೆ ಹಾಸಿತ್ತು.

ಸ್ವರಸಾಧಕಿಯವರೇ, ಶನಿವಾರ ರಾತ್ರಿ ಹನ್ನೊಂದರ ಸುಮಾರಿಗೆ ನನ್ನ ತಲೆ ಸಮ್‌ಗೆ ಬಾಗಿತು. ಅಪ್ಪ ನೋಡಿದರು, ಏನೂ ಹೇಳಲಿಲ್ಲ, ನನ್ನ ಬೆನ್ನ ಮೇಲೆ ಕೈ ಇಟ್ಟರು.

ಭಾನುವಾರ ಕೊನೆಗೆ ಸವಾಯಿ ಗಂಧರ್ವರದೇ ಹಳೆಯ ಧ್ವನಿಮುದ್ರಿಕೆ ಹಾಕಿದರು, ಭೈರವಿ. ಸಣ್ಣ, ದೂರದ ಧ್ವನಿ. ವೇದಿಕೆಯ ಮೇಲೆ ಯಾರೂ ಇರಲಿಲ್ಲ. ಅಷ್ಟು ಜನರಲ್ಲಿ ಒಬ್ಬರೂ ಚಪ್ಪಲಿ ಹುಡುಕಲಿಲ್ಲ, ಚೀಲ ಎತ್ತಲಿಲ್ಲ. ಮುಗಿದ ಮೇಲೂ ಅಪ್ಪ ಸ್ವಲ್ಪ ಹೊತ್ತು ಏಳಲಿಲ್ಲ. ಕಾಲು ಹಿಡಿದುಕೊಂಡಿತಾ ಎಂದು ಕೇಳಿದೆ. “ಇಲ್ಲ, ಇರು” ಅಂದರು.

ಧಾರವಾಡದ ಕೇಳುಗ

ಓದಿ ಗಂಟಲ ತುಂಬಿ ಬಂತು ತಂಗಿ. ನಾನೂ ಅಲ್ಲೇ ಎಡಗಡೆ ಬೈಠಕ್ಕಿನ್ಯಾಗ ಕೂತಿದ್ದೆ. ಮುಂದಿನ ವರ್ಷ ಭೆಟ್ಟಿ ಆಗೋಣು.

ವಾಡಾದ ಮಗ್ಗಲ ಮನಿ (ಕುಂದಗೋಳ)

ಅಪ್ಪಾರ ಮೊಣಕಾಲು ಹೆಂಗೈತ್ರಿ? ಹುಬ್ಬಳ್ಳಿ ತನಕ ಬಂದು ಹಂಗs ಶಿವಮೊಗ್ಗದ ಬಸ್ ಹತ್ತಿದ್ರೇನು?

ತುಂಗಾತೀರ (ಶಿವಮೊಗ್ಗ)

ಹತ್ತಲಿಲ್ಲ. ಅಪ್ಪ ಕುಂದಗೋಳಕ್ಕೆ ಹೋಗೋಣ ಅಂದರು. ವಾಡಾದ ಬಾಗಿಲು ತೆರೆದಿತ್ತು. ಒಳಗೆ ಯಾರೂ ಹಾಡುತ್ತಿರಲಿಲ್ಲ, ಮಧ್ಯಾಹ್ನದ ಹೊತ್ತು. ಕಂಬಕ್ಕೆ ಒರಗಿ ಅರ್ಧ ಗಂಟೆ ಕೂತು ಬಂದೆವು. ವಾಡಾದಲ್ಲಿ ಅಹೋರಾತ್ರಿ ಯಾವಾಗ ಎಂದು ನಿಮ್ಮನ್ನು ಕೇಳಿ ತಿಳಿಸಬೇಕಂತೆ, ಅಪ್ಪ ದಿನಕ್ಕೆ ಎರಡು ಸಲ ನೆನಪಿಸುತ್ತಿದ್ದಾರೆ.